ಹಿತ್ತಾಳೆಯ ಮೆಟ್ಟಿಲು

"ಕತ್ತು ಒಂದು ಗೇಣು ಆಚೆಗೇ ಉಳೀತದೆ. ಕತ್ತರಿಸಿಬಿಡೋಣ," ಎಂದು ದೋಣಿ ಬಡಗಿ ರುಪೆರ್ತೊ ಗರಗಸವನ್ನು ಕೈಗೆತ್ತಿಕೊಂಡ.

ಶವಪೆಟ್ಟಿಗೆಯೊಳಗೆ ಅಬ್ದೋನ್ ತುವಾನಾಮ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಲಗಿದ್ದ. ಎಪ್ಪತ್ಮೂರು ವರ್ಷ ಬದುಕಿ, ಅದರಲ್ಲಿ ಐವತ್ತು ವರ್ಷ ಪುಕಾಲ್ಪದ ರೇವಿನಲ್ಲಿ ದೋಣಿ ಕಟ್ಟಿದವನು. ಅವನ ಮಗ್ಗುಲಿಗೆ ಅವನ ಎಲೆಕ್ಟ್ರಿಕ್ ಗಿಟಾರನ್ನು ಇಡಲು ನಾಲ್ಕು ಜನ ಬೆಳಗಿನಿಂದ ಹೆಣಗುತ್ತಿದ್ದರು. ಹೀಗೆ ಇಟ್ಟರೆ ಮೊಣಕೈಗೆ ಅಡ್ಡ, ಹಾಗೆ ಇಟ್ಟರೆ ಮುಚ್ಚಳ ಕೂರುವುದಿಲ್ಲ. ಪೆಟ್ಟಿಗೆ ಮಾಡಿದವನು ರುಪೆರ್ತೊ. ಆದ್ದರಿಂದ ತಪ್ಪು ಪೆಟ್ಟಿಗೆಯದಲ್ಲ, ಗಿಟಾರಿನದು ಎಂದು ಅವನು ಆಗಲೇ ತೀರ್ಪು ಕೊಟ್ಟಾಗಿತ್ತು.

"ಬದುಕಿದ್ದಾಗ ಈ ಮನುಷ್ಯ ಒಬ್ಬರಿಗೂ ಅಡ್ಡ ಬಂದವನಲ್ಲ," ಎಂದಳು ಪಕ್ಕದ ಮನೆಯ ದೋನ್ಯ ಸೊಯ್ಲಾ, ಕಾಫಿ ಹಂಚುತ್ತ. "ಈಗ ನೋಡಿ, ಎಲ್ಲ ಅಡ್ಡ!"

ಮಗಳು ನೆರೀದ ಪೆಟ್ಟಿಗೆಯ ತಲೆಯ ಕಡೆ ಕುಳಿತಿದ್ದಳು. ಗಿಟಾರನ್ನು ಒಳಗಿಡಬೇಕೆಂದವಳು ಅವಳೇ. ಜನ ಅದನ್ನು ಪ್ರೀತಿ ಎಂದುಕೊಂಡರು. ನಿಜವಾಗಿ ಅವಳಿಗೆ ಆ ಗಿಟಾರು ಕಣ್ಣಿಂದ ಮರೆಯಾದರೆ ಸಾಕಾಗಿತ್ತು. ಅದು ಮಣ್ಣು ಸೇರಿದರೆ ಅದರ ಜೊತೆ ಒಂದು ಮಾತೂ ಮಣ್ಣು ಸೇರುತ್ತದೆ, ನಾಲ್ಕು ವರ್ಷದಿಂದ ಎದೆಯಲ್ಲಿ ಕುಳಿತ ಮಾತು.

"ಕತ್ತರಿಸು ರುಪೆರ್ತೊ," ಎಂದಳು.

"ಬೇಡ! ಬೇಡ! ಗರಗಸ ಕೆಳಗಿಡಿ!"

ಬಾಗಿಲಲ್ಲಿ ಒಬ್ಬ ಅಪರಿಚಿತ ನಿಂತಿದ್ದ. ಮೂವತ್ತೈದರ ಆಸುಪಾಸು, ಮೈಯೆಲ್ಲ ದಾರಿಯ ಕೆಂಪು ಧೂಳು, ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. ಅವನು ಯಾರನ್ನೂ ಕೇಳದೆ ಒಳಗೆ ನುಗ್ಗಿ ಗಿಟಾರನ್ನು ಕೂಸಿನಂತೆ ಎತ್ತಿಕೊಂಡ.

"ಯಾರಪ್ಪಾ ನೀನು?" ಎಂದಳು ಸೊಯ್ಲಾ. "ಸತ್ತವನನ್ನ ಬಿಟ್ಟು ಗಿಟಾರಿಗೆ ಅಳ್ತಾ ಇದೀಯಲ್ಲ!"

"ಇಸೌರೊ ಅಂತ. ಲಿಮಾದಿಂದ ಬಂದೆ. ಹಳೇ ಗಿಟಾರುಗಳನ್ನ ಪರೀಕ್ಷೆ ಮಾಡಿ, ಸ್ಥಿತಿ ಹೇಗಿದೆ, ಬೆಲೆ ಎಷ್ಟು ಅಂತ ಬರೆದುಕೊಡೋದು ನನ್ನ ಕೆಲಸ. ದೋನ್ ಅಬ್ದೋನ್ ಫೋನ್ ಮಾಡಿದ್ರು. ಇವತ್ತು ಗುರುವಾರ ಹತ್ತು ಗಂಟೆಗೆ ಅಂತ ಮಾತಾಗಿತ್ತು. ಅವರು ಎಲ್ಲಿ?"

ಎಲ್ಲರ ಕಣ್ಣೂ ಪೆಟ್ಟಿಗೆಯ ಕಡೆ ಹೋದವು. ಇಸೌರೊ ನಿಧಾನವಾಗಿ ಟೋಪಿ ತೆಗೆದ.

"ನಾನು ತಡವಾಗಿ ಬಂದೆ."

"ನೀನು ಸರಿಯಾಗೇ ಬಂದಿದೀಯ. ಅವನು ಬೇಗ ಹೊರಟ," ಎಂದು ಸೊಯ್ಲಾ ಅವನ ಕೈಗೂ ಒಂದು ಲೋಟ ಕಾಫಿ ತುರುಕಿದಳು.

ನೆರೀದ ಎದ್ದು ಬಂದಳು. "ಅಪ್ಪ ಇದನ್ನ ಮಾರಬೇಕು ಅಂದ್ರಾ?"

"ಮಾರೋ ಮಾತೇ ಎತ್ತಲಿಲ್ಲ. 'ಬಂದು ನೋಡಿ, ಕಂಡದ್ದನ್ನ ಕಂಡ ಹಾಗೆ ಬರೀರಿ, ಬರೆದದ್ದನ್ನ ನನ್ನ ಮಗಳ ಕೈಗೆ ಕೊಡಿ' ಅಂದ್ರು. ಬಸ್ಸಿನ ದುಡ್ಡನ್ನೂ ಮೊದಲೇ ಕಳಿಸಿದ್ರು."

ಮಗಳ ಕೈಗೆ ಎಂಬ ಮಾತು ಕೇಳಿ ನೆರೀದ ಗಿಟಾರು ತೂಗುತ್ತಿದ್ದ ಗೋಡೆಯ ಮೊಳೆಯ ಕಡೆ ನೋಡಿದಳು.

*

ನಾಲ್ಕು ವರ್ಷದ ಹಿಂದೆ ಅವಳಿಗೆ ನಲವತ್ತು ತುಂಬಿದ ದಿನ ಇದೇ ಕೋಣೆಯಲ್ಲಿ ಊಟ, ಕುಣಿತ. ಯಾರೋ 'ಕೊಕ್ಕರೆಯ ಕೆಮ್ಮು' ಹಾಡು ಹಾಕಿದರು. ಪುಕಾಲ್ಪದಲ್ಲಿ ಹುಟ್ಟಿದವರಿಗೆ ತಾಯಿಯ ದನಿಯ ನಂತರ ಗೊತ್ತಾಗುವ ದನಿ ಅದು. ನಾಲ್ಕು ಸಲ ಗಿಟಾರು ಏಣಿ ಹತ್ತಿದ ಹಾಗೆ ಮೇಲೆ ಹೋಗುತ್ತದೆ, ಐದನೇ ಸಲ ತುದಿಯಲ್ಲಿ ಒಂದು ಸ್ವರ ಸೀಳಿ ಗೊರಗೊರ ಎನ್ನುತ್ತದೆ. ಅದೇ ಕೆಮ್ಮು. ಆ ಕ್ಷಣಕ್ಕೆ ಕುಣಿಯುವವರೆಲ್ಲ ನಿಂತು ಒಟ್ಟಿಗೆ ಕೆಮ್ಮಬೇಕು. ಕೆಮ್ಮದವನು ಆ ಊರಿನವನಲ್ಲ.

ಆ ಕೆಮ್ಮನ್ನು ಕಂಡುಹಿಡಿದವನೆಂದು ದೋನ್ ತೆಯೋಫಿಲೊನನ್ನು ಊರು ತಲೆಯ ಮೇಲೆ ಹೊತ್ತುಕೊಂಡಿತ್ತು. ಅವನು ಆ ಹಾಡು ನುಡಿಸಿದ ಬ್ಯಾಂಡಿನ ಮೊದಲ ಗಿಟಾರು, ರಾಗ ನುಡಿಸುವವನು. ಅಬ್ದೋನ್ ಎರಡನೇ ಗಿಟಾರು, ಹಿಂದೆ ನಿಂತು ತಾಳಕ್ಕೆ ಮೀಟುವವನು. ಮರ ಕೊಯ್ಯುವ ಯಂತ್ರ ಬಲಗೈಯ ಎರಡು ಬೆರಳು ತಿಂದ ಮೇಲೆ ಅವನು ಅದನ್ನೂ ಬಿಟ್ಟ. ತಂತಿ ಬಿಚ್ಚಿ ಗಿಟಾರನ್ನು ಗೋಡೆಗೆ ತೂಗುಹಾಕಿದ. ಭಾನುವಾರ ಭಾನುವಾರ ಎಣ್ಣೆಬಟ್ಟೆಯಿಂದ ಒರೆಸುವುದಷ್ಟೇ ಉಳಿಯಿತು.

ಇಬ್ಬರೂ ಕಂಪಾದ್ರೆಗಳು. ನೆರೀದಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡವನು ತೆಯೋಫಿಲೊ, ಅವಳ ಪದ್ರಿನೊ, ಅಂದರೆ ಧರ್ಮಪಿತ. ಕಂಪಾದ್ರೆ ಎಂದರೆ ಒಡಹುಟ್ಟಿದವನಿಗಿಂತ ಹೆಚ್ಚು. ಅವನನ್ನು ನಾಲ್ಕು ಜನರೆದುರು ನಗೆಪಾಟಲು ಮಾಡಿದವನಿಗೆ ಆ ಬೀದಿಯಲ್ಲಿ ಕುಡಿಯಲು ನೀರೂ ಸಿಗುವುದಿಲ್ಲ.

ಅಂದು ಎಲ್ಲರೂ ಕೆಮ್ಮಿ ನಗುತ್ತಿರುವಾಗ, ಎರಡು ಲೋಟ ಸಾರಾಯಿ ಹೆಚ್ಚಾಗಿದ್ದ ಅಬ್ದೋನ್ ಮೆಲ್ಲಗೆ ಅಂದುಬಿಟ್ಟ:

"ಅವತ್ತು ಕೆಮ್ಮಿದ್ದು ನನ್ನ ಗಿಟಾರು."

ಕೋಣೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ತೆಯೋಫಿಲೊ. "ಹಾಗಾದ್ರೆ ಕೆಮ್ಮಿಸು ನೋಡೋಣ, ಕಂಪಾದ್ರೆ!"

ಅಬ್ದೋನ್ ಎದ್ದು ಗಿಟಾರನ್ನು ಗೋಡೆಯಿಂದ ಇಳಿಸಿದ. ಅದನ್ನು ಹಿಡಿದು ಕಂಪಾದ್ರೆಯ ಮುಖವನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಮತ್ತೆ ಮೊಳೆಗೆ ತೂಗುಹಾಕಿ, "ಇವತ್ತು ಅದಕ್ಕೆ ಗಂಟಲು ಕಟ್ಟಿದೆ," ಎಂದ. ನಗು ಇನ್ನಷ್ಟು ಎದ್ದಿತು.

ನೆರೀದಳಿಗೆ ಭೂಮಿಗಿಳಿದು ಹೋದಂತಾಗಿತ್ತು. "ಸಾಕು ಅಪ್ಪಾ," ಎಂದಿದ್ದಳು, ಎಲ್ಲರಿಗೂ ಕೇಳುವ ಹಾಗೆ. "ಈ ವಯಸ್ಸಲ್ಲಾದ್ರೂ ಸುಳ್ಳು ಹೇಳೋದು ಬಿಡು."

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಕುಳಿತು, ಮೂರು ಬೆರಳಿನ ಕೈಯಲ್ಲಿ ಕೈವಸ್ತ್ರವನ್ನು ಚೌಕವಾಗಿ ಮಡಚಿದ. ಆ ಮಾತನ್ನು ಮತ್ತೆ ಎತ್ತಲೇ ಇಲ್ಲ.

*

ಹೆಣ ಕಾಯುತ್ತ ರಾತ್ರಿಯಿಡೀ ಇಸ್ಪೀಟಾಡಿದ ಮೇಜನ್ನು ಒರೆಸಿ ಇಸೌರೊ ಗಿಟಾರನ್ನು ಅದರ ಮೇಲೆ ಮಲಗಿಸಿದ. ತಗಡಿನ ಪೆಟ್ಟಿಗೆಯಿಂದ ಭೂತಗನ್ನಡಿ, ಸಣ್ಣ ದೀಪ, ತಿರುಪುಳಿ, ಶಾಲೆ ಮಕ್ಕಳ ಒಂದು ನೋಟುಪುಸ್ತಕ ಹೊರಬಂದವು. ಸಾವಿಗೆ ಬಂದವರೆಲ್ಲ ಪೆಟ್ಟಿಗೆ ಬಿಟ್ಟು ಮೇಜಿನ ಸುತ್ತ ಸೇರಿದರು. ಅಬ್ದೋನನಿಗೆ ಇದರಿಂದ ಬೇಸರವಾಗಿರಲಾರದು.

ಇಸೌರೊ ಕತ್ತಿನ ಹಿಂದಿನ ತಗಡು ಬಿಚ್ಚಿ ಒಳಗೆ ಇಣುಕಿದ. "ಅಸಲಿ. ಅಮೆರಿಕದ್ದು, ಅರವತ್ನಾಲ್ಕನೇ ಇಸವೀದು. ಎಲ್ಲಿಂದ ಬಂತು?"

"ಎಣ್ಣೆ ಬಾವಿ ಹುಡುಕೋಕೆ ಬಂದಿದ್ದ ಒಬ್ಬ ಅಮೆರಿಕದವನಿಗೆ ಅಪ್ಪ ದೋಣಿ ಕಟ್ಟಿಕೊಟ್ರಂತೆ. ಅವನು ಇದನ್ನ ಕೊಟ್ಟು ಹೋದ," ಎಂದಳು ನೆರೀದ.

"ಯಾರೂ ಕೈ ಹಚ್ಚದೆ ಇದ್ದಿದ್ರೆ ಇದನ್ನ ಕೊಟ್ಟು ಲಿಮಾದಲ್ಲಿ ಒಂದು ಹೊಸ ಕಾರು ತಗೋಬಹುದಿತ್ತು."

ಕೋಣೆಯಲ್ಲಿ ಒಂದು ಉಸಿರು ಎದ್ದಿತು. ರುಪೆರ್ತೊ ಗರಗಸವನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಆದ್ರೆ ಈ ನೀಲಿ ಬಣ್ಣ ಇದರದ್ದಲ್ಲ."

"ದೋಣೀದು," ಎಂದ ರುಪೆರ್ತೊ ಹೆಮ್ಮೆಯಿಂದ. "ಪಾದ್ರಿಗಳ ದೋಣಿಗೆ ಬಳಿದು ಉಳಿದಿತ್ತು. ಡಬ್ಬ ನಾನೇ ಕೊಟ್ಟೆ."

"ಅರ್ಧ ಬೆಲೆ ಹೋಯ್ತು."

ಸೊಯ್ಲಾ ರುಪೆರ್ತೊನ ಬೆನ್ನಿಗೆ ಗುದ್ದಿದಳು. "ಅರ್ಧ ಕಾರು ತಿಂದೆಯಲ್ಲೋ ದರಿದ್ರದವನೇ!"

"ಬಿರಡೆಗಳಲ್ಲಿ ಎರಡು ಅಸಲಿ ಅಲ್ಲ. ಮರದಲ್ಲಿ ಕೆತ್ತಿರೋದು."

"ಅದು ನನ್ನ ತೊಟ್ಟಿಲಲ್ಲಿ ಉಳಿದ ಮರ," ಎಂದಳು ನೆರೀದ. ಅವಳು ಮರೆತೇಬಿಟ್ಟಿದ್ದಳು. ಅಮ್ಮ ಹೇಳಿದ್ದು ಈಗ ನೆನಪಾಯಿತು.

"ಒಳಗೆಲ್ಲ ನೀರು ನಿಂತ ಕಲೆ ಇದೆ."

"ದೊಡ್ಡ ನೆರೆ ಬಂದ ವರ್ಷ," ಎಂದಳು ಸೊಯ್ಲಾ. "ಮೊದಲು ನಮ್ಮತ್ತೇನ ಬೆನ್ನ ಮೇಲೆ ಹೊತ್ತು ದಾಟಿಸಿದ. ಆಮೇಲೆ ನನ್ನ ಕೋಳಿಗಳನ್ನ. ಎಲ್ಲ ಆದ ಮೇಲೆ ಈ ಗಿಟಾರು. ಅಷ್ಟೊತ್ತಿಗೆ ಅದು ಮುಳುಗಿತ್ತು. ಬರ್ಕೋ ಅದನ್ನೂ, ಕೋಳಿಯಾದ ಮೇಲೆ ಅಂತ ಬರ್ಕೋ."

ಇಸೌರೊ ಪೆನ್ಸಿಲು ಎತ್ತಿ ಹಿಡಿದು ಒಂದು ಕ್ಷಣ ಯೋಚಿಸಿದ. ಆಮೇಲೆ ಏನನ್ನೋ ಬರೆದೇ ಬರೆದ.

"ಇನ್ನೊಂದು ದೊಡ್ಡ ಬದಲಾವಣೆ. ಇದನ್ನ ಎಡಗೈಯವರಿಗೆ ಅಂತ ತಿರುಗಿಸಿದಾರೆ. ತುದೀಲಿ ತಂತಿ ಕೂರೋ ಕಚ್ಚುಗಳು ಉಲ್ಟಾ ಕೊರೆದಿವೆ. ತೋಳು ಉಜ್ಜಿ ಸವೆದ ಜಾಗ ಎಲ್ಲ ಆ ಕಡೆ ಇದೆ, ಈ ಕಡೆ ಒಂದು ಗೀರೂ ಇಲ್ಲ. ಬಲಗೈಯವನು ಇದನ್ನ ಒಂದು ದಿನವೂ ನುಡಿಸಿಲ್ಲ."

"ಅಬ್ದೋನ್ ಎಡಚ," ಎಂದ ರುಪೆರ್ತೊ. "ನಮ್ಮ ರೇವಲ್ಲೆಲ್ಲ ಒಬ್ಬನೇ. ಅವನ ಉಳಿ ನಾವು ಯಾರೂ ಮುಟ್ತಾ ಇರಲಿಲ್ಲ."

"ಕೊಳ್ಳೋರೆಲ್ಲ ಬಲಗೈಯವರು. ಬೆಲೆ ಇನ್ನೂ ಇಳೀತು." ಇಸೌರೊ ದೀಪವನ್ನು ಕತ್ತಿನುದ್ದಕ್ಕೂ ಜರುಗಿಸಿದ. ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಮೆಟ್ಟಿಲುಗಳು ಒಂದೊಂದಾಗಿ ಬೆಳ್ಳಗೆ ಮಿನುಗಿದವು. ಹದಿನಾಲ್ಕನೆಯದು ಹಳದಿಯಾಗಿ ಮಿನುಗಿತು. "ಇದೇನಿದು?"

ರುಪೆರ್ತೊ ಬಗ್ಗಿ ನೋಡಿದ. "ದೋಣಿ ಮೊಳೆ. ಹಲಗೆ ಕೂಡಿಸೋ ಹಿತ್ತಾಳೆ ಮೊಳೇನ ಬಡಿದು ಬಡಿದು ಪಟ್ಟಿ ಮಾಡಿದಾನೆ."

ನೆರೀದ ಚಿಕ್ಕವಳಿದ್ದಾಗ ಕೇಳಿದ್ದಳು, ಒಂದು ಮಾತ್ರ ಯಾಕಪ್ಪ ಹಳದಿ ಎಂದು. "ಅದು ಹಾಗೇ ಇರಲಿ ಮಗಳೇ. ಅದಕ್ಕೆ ಎಲ್ಲ ನೆನಪಿದೆ," ಎಂದಿದ್ದ ಅಪ್ಪ.

"ಉಳಿದವುಕ್ಕಿಂತ ಎತ್ತರ ಇದೆ," ಎಂದ ಇಸೌರೊ. "ಇದರ ಹಿಂದಿನ ಸ್ವರ ಒತ್ತಿದ್ರೆ ತಂತಿ ಇದಕ್ಕೆ ಸವರಿಕೊಂಡು ಹೋಗುತ್ತೆ. ಐದು ನಿಮಿಷ ಅರ ಹಾಕಿದ್ರೆ ಸರಿಯಾಗೋದು. ಇಷ್ಟು ನಾಜೂಕಾಗಿ ಬಿರಡೆ ಕೆತ್ತೋ ಮನುಷ್ಯ ಇದನ್ನ ಯಾಕೆ ಹೀಗೇ ಬಿಟ್ಟ? ಒಂದ್ಸಲ ದನಿ ಕೇಳಬೇಕು."

ಒಳಗೆ ಬಿಟ್ಟುಹೋಗಿದ್ದ ಒಂದು ವೈರಿಗೆ ಅವನು ಬೆಸುಗೆ ಹಾಕಿದ. ಹೊಸದೊಂದು ತಂತಿಯನ್ನು, ಎಲ್ಲಕ್ಕಿಂತ ಸಣ್ಣದನ್ನು, ಮಾತ್ರ ಬಿಗಿದ. ಶವಯಾತ್ರೆಗೆ ನುಡಿಸಲು ಬಂದ ಬ್ಯಾಂಡಿನವರು ತಮ್ಮ ಸ್ಪೀಕರನ್ನು ಅಂಗಳದಲ್ಲಿ ಇಳಿಸಿದ್ದರು. ಅದರ ವೈರನ್ನು ಕಿಟಕಿಯಿಂದ ಎಳೆದುಕೊಂಡು ಗಿಟಾರಿಗೆ ಸಿಕ್ಕಿಸಿದ. ಹಿತ್ತಾಳೆಯ ಹಿಂದೆ ಬೆರಳಿಟ್ಟು ಮೀಟಿದ.

ಸ್ವರ ಸೀಳಿತು. ಗೊರಗೊರ ಎಂದಿತು.

ಅಂಗಳದಲ್ಲಿ ಇದ್ದ ಅರವತ್ತು ಜನ, ಕೈಯಲ್ಲಿ ಊಟದ ಎಲೆ ಹಿಡಿದವರು, ಸಿಗರೇಟು ಸೇದುತ್ತಿದ್ದವರು, ಅಳುತ್ತಿದ್ದವರು, ಯೋಚಿಸದೆ ಒಟ್ಟಿಗೆ ಕೆಮ್ಮಿದರು.

"ಶುರು ಮಾಡಿದ್ರು ಕಣ್ರೋ!" ಎಂದು ಯಾರೋ ಹೊರಗಿಂದ ಕೂಗಿದ. "ದೋನ್ ತೆಯೋಫಿಲೊ ಶುರು ಮಾಡಿದ್ರು!"

ದೋನ್ ತೆಯೋಫಿಲೊ ಬಾಗಿಲಲ್ಲಿ ನಿಂತಿದ್ದ. ತಲೆಯ ಮೇಲೆ ಅವನ ಪ್ರಸಿದ್ಧ ಬಿಳಿ ಹ್ಯಾಟು, ಅದರ ಪಟ್ಟಿಯ ಮೇಲೆ ಕೆಂಪು ದಾರದಲ್ಲಿ 'ಮೊದಲ ಗಿಟಾರು' ಎಂಬ ಕಸೂತಿ. ಕೈಯಲ್ಲಿ ಕಾಫಿ ಲೋಟ. ಅವನ ಗಿಟಾರು ಬೆನ್ನ ಮೇಲಿನ ಚೀಲದಲ್ಲೇ ಇತ್ತು, ಚೀಲದ ಗುಂಡಿಯೂ ಬಿಚ್ಚಿರಲಿಲ್ಲ.

ಕೋಣೆಯಲ್ಲಿದ್ದವರು ಅವನನ್ನು ನೋಡಿದರು. ಮೇಜಿನ ಮೇಲಿನ ಗಿಟಾರನ್ನು ನೋಡಿದರು. ಮತ್ತೆ ಅವನನ್ನು ನೋಡಿದರು.

ನೆರೀದಳ ಕಿವಿಯಲ್ಲಿ ಅಪ್ಪನ ದನಿ ಕೇಳಿಸಿತು, ಇವತ್ತು ಅದಕ್ಕೆ ಗಂಟಲು ಕಟ್ಟಿದೆ. ಸುಳ್ಳಾಡಿದವನು ಅವನಲ್ಲ. ಅಂದೇ ಒಂದು ತಂತಿ ಬಿಗಿದು ಎಲ್ಲರ ಬಾಯಿ ಮುಚ್ಚಿಸಬಹುದಿತ್ತು. ಮುಚ್ಚಿಸಲಿಲ್ಲ. ಕಂಪಾದ್ರೆಯ ಮುಖ ನೋಡಿ, ಮಗಳ ಕೈಯಲ್ಲಿ ಸುಳ್ಳುಗಾರ ಎನ್ನಿಸಿಕೊಂಡು, ಕೈವಸ್ತ್ರ ಮಡಚಿ ಕುಳಿತ. ಅವಳಿಗೆ ಕುಣಿಯಬೇಕು, ಕಿರುಚಬೇಕು, ಬೀದಿಗೆ ಓಡಿ ಊರೆಲ್ಲ ಸಾರಬೇಕು ಎನ್ನಿಸಿತು. ಎದುರಿಗೆ ಪದ್ರಿನೊ ಲೋಟ ಹಿಡಿದು ಹೊಸ್ತಿಲು ದಾಟದೆ ನಿಂತಿದ್ದ. ಈಗ ಒಂದು ಮಾತು ಸಾಕು, ಎಂಬತ್ತು ಹತ್ತಿರವಾದ ಆ ಮುದುಕ ನಿಂತಲ್ಲೇ ಕುಸಿಯುತ್ತಾನೆ. ಅಪ್ಪ ಇಷ್ಟು ವರ್ಷ ನುಂಗಿಕೊಂಡಿದ್ದನ್ನು ತಾನು ಅವನ ಹೆಣದೆದುರಿಗೇ ಉಗುಳುವುದೇ?

"ಪದ್ರಿನೊ," ಎಂದಳು. ಅವಳ ದನಿ ಅವಳಿಗೇ ಆಶ್ಚರ್ಯವಾಗುವಷ್ಟು ಮೆತ್ತಗಿತ್ತು. "ಕಾಫಿ ಆರ್ತಿದೆ. ಕೂತು ಕುಡೀರಿ."

ತೆಯೋಫಿಲೊ ಕೂರಲಿಲ್ಲ. "ನೀನೂ ಅವನ ಥರಾನೇ ಆಗಿಬಿಟ್ಯಲ್ಲ ಮಗಳೇ," ಎಂದ. ಲೋಟವನ್ನು ನೆಲದ ಮೇಲಿಟ್ಟು ಪೆಟ್ಟಿಗೆಯ ಹತ್ತಿರ ಹೋಗಿ ನಿಂತ. "ನಾನು ಬಕೀಟು ತಬ್ಬಿಕೊಂಡು ಮಲಗಿದ್ದೆ ಅವತ್ತು."

*

ಎಪ್ಪತ್ಮೂರನೇ ಇಸವಿಯಲ್ಲಿ ಧ್ವನಿಮುದ್ರಣಕ್ಕೆಂದು ಐದು ಜನ ಸರಕು ಲಾರಿಯ ಮೇಲೆ ಕುಳಿತು ಲಿಮಾಕ್ಕೆ ಹೊರಟಿದ್ದರು. ನದಿಯ ಮಟ್ಟದಲ್ಲಿ ಹುಟ್ಟಿ ಬೆಳೆದವರು, ಹಿಮ ಕಂಡವರಲ್ಲ. ಲಾರಿ ಪರ್ವತದ ಘಟ್ಟ ಹತ್ತುವಾಗ ಚಳಿಗೆ ಮದ್ದೆಂದು ತೆಯೋಫಿಲೊ ಒಂದು ಸೀಸೆ ಕಬ್ಬಿನ ಸಾರಾಯಿ ಪೂರ್ತಿ ಕುಡಿದ. ಆ ಎತ್ತರದಲ್ಲಿ ಹಾಗೆ ಕುಡಿಯುವ ತಪ್ಪನ್ನು ಪುಕಾಲ್ಪದವರು ಮಾತ್ರ ಮಾಡುತ್ತಾರೆ. ಲಿಮಾ ಮುಟ್ಟಿದಾಗ ಅವನಿಗೆ ತಲೆ ಎತ್ತಲಾಗುತ್ತಿರಲಿಲ್ಲ.

ಅದೇ ದಾರಿಯ ಕುಲುಕಾಟದಲ್ಲಿ ಅಬ್ದೋನನ ಗಿಟಾರಿನ ಒಂದು ಮೆಟ್ಟಿಲು ಕಿತ್ತು ಎಲ್ಲೋ ಬಿದ್ದುಹೋಗಿತ್ತು. ಬೆಳಗ್ಗೆ ಛತ್ರದ ಹೊಸ್ತಿಲ ಮೇಲೆ ಕುಳಿತು, ಜೇಬಿನಲ್ಲಿದ್ದ ದೋಣಿ ಮೊಳೆಯನ್ನು ಕಲ್ಲಿನಿಂದ ಬಡಿದು ಆ ಜಾಗಕ್ಕೆ ಕೂರಿಸಿದ. ಅರ ಇರಲಿಲ್ಲ, ಹೊತ್ತೂ ಇರಲಿಲ್ಲ. ಅವರಿಗೆ ಸ್ಟುಡಿಯೊ ಸಿಕ್ಕಿದ್ದು ಒಂದೇ ಮಧ್ಯಾಹ್ನ. ಅಬ್ದೋನ್ ತನ್ನ ತಾಳದ ಪಾಲನ್ನು ಬಿಟ್ಟು, ತನ್ನ ಗಿಟಾರಿನಲ್ಲೇ ತೆಯೋಫಿಲೊನ ರಾಗ ನುಡಿಸಿದ. ತುದಿಯ ಸ್ವರ ಸೀಳಿದಾಗ ಗಾಜಿನಾಚೆ ಕುಳಿತ ಧ್ವನಿಮುದ್ರಣದವನು ನಕ್ಕು, ಇದೇನು ಕೊಕ್ಕರೆಗೆ ಕೆಮ್ಮು ಬಂತೋ ಎಂದು ಕೇಳಿದ. ಹಾಡಿಗೆ ಅದೇ ಹೆಸರಾಯಿತು.

ಗ್ರಾಮಫೋನ್ ತಟ್ಟೆಯ ಹೊದಿಕೆ ಮೊದಲೇ ಅಚ್ಚಾಗಿತ್ತು. ಬಿಳಿ ಹ್ಯಾಟಿನ ತೆಯೋಫಿಲೊ, ಮೊದಲ ಗಿಟಾರು. ಹಾಡು ಮೂರು ತಿಂಗಳಲ್ಲಿ ನದಿಯುದ್ದಕ್ಕೂ ಹಬ್ಬಿತು. ರೇವಿನಲ್ಲಿ ಜನ ತೆಯೋಫಿಲೊನನ್ನು ಹೆಗಲ ಮೇಲೆ ಎತ್ತಿಕೊಂಡರು.

"ಮೇಲಿಂದ ನೋಡ್ತೀನಿ, ಇವನು ಕೆಳಗೆ ನಿಂತು ಚಪ್ಪಾಳೆ ತಟ್ತಾ ಇದಾನೆ," ಎಂದ ತೆಯೋಫಿಲೊ. "ನಾನು 'ಕೆಳಗಿಳಿಸಿ' ಅನ್ನಲಿಲ್ಲ. ಅವತ್ತು ಅನ್ನದೆ ಇದ್ದೋನು ಆಮೇಲೆ ಯಾವತ್ತು ಅನ್ನಲಿ? ಉಳಿದ ಮೂವರು ಬ್ಯಾಂಡಿನ ಹೆಸರು ಕೆಡಬಾರದು ಅಂತ ಬಾಯಿ ಹೊಲ್ಕೊಂಡ್ರು, ಹಾಗೇ ತೀರಿಕೊಂಡ್ರು. ನಾನು ನಲವತ್ತಾರು ವರ್ಷ ತಂತಿಗೆ ಉಗುರು ಕೊಟ್ಟು ಆ ಕೆಮ್ಮನ್ನ ನಕಲು ಮಾಡಿದೀನಿ. ನೋಡ್ರಿ ಈ ಉಗುರು! ಒಂದು ಸಲಾನೂ ಸರಿಯಾಗಿ ಬರಲಿಲ್ಲ."

ಸೊಯ್ಲಾ ಪೆಟ್ಟಿಗೆಯೊಳಗೆ ಬಗ್ಗಿ, "ನೀನೊಬ್ಬ ಮೂಕಬಸವ ಕಣೋ ಅಬ್ದೋನ್!" ಎಂದು ಬೈದು, ಗೊಳೋ ಎಂದು ಅತ್ತಳು. ಅಳುತ್ತಲೇ ನಕ್ಕಳು. ಕಿಟಕಿಯಲ್ಲಿ ಇಣುಕುತ್ತಿದ್ದವರು ಅಂಗಳಕ್ಕೆ, ಅಂಗಳದವರು ಬೀದಿಗೆ ಸುದ್ದಿ ದಾಟಿಸಿದರು. ಬೀದಿಯಿಂದ ಚಪ್ಪಾಳೆ ಕೇಳತೊಡಗಿತು.

ನೆರೀದ ಅಪ್ಪನ ಮೂರು ಬೆರಳಿನ ಕೈ ಹಿಡಿದಳು. ತಣ್ಣಗಿತ್ತು. "ತಪ್ಪಾಯ್ತಪ್ಪಾ," ಎಂದಳು. ನಾಲ್ಕು ವರ್ಷ ತಡೆದದ್ದು ಅಷ್ಟೇ ಮಾತಿನಲ್ಲಿ ಮುಗಿಯಿತು.

ಇಸೌರೊ ನೋಟುಪುಸ್ತಕದ ಹಾಳೆ ಹರಿದು ಅವಳಿಗೆ ಕೊಟ್ಟ. ಬಣ್ಣ, ಬಿರಡೆ, ನೀರಿನ ಕಲೆ, ಕೋಳಿ, ಎಡಗೈ, ಎಲ್ಲ ಇತ್ತು. ಬೆಲೆ ಎಂಬಲ್ಲಿ ಮೊದಲು ಬರೆದ ಅಂಕಿಯನ್ನು ಹೊಡೆದುಹಾಕಿದ್ದ. ಅದರ ಕೆಳಗೆ ಹೀಗಿತ್ತು: 'ಹದಿನಾಲ್ಕನೇ ಮೆಟ್ಟಿಲು ಹಿತ್ತಾಳೆಯದು. ಕೊಕ್ಕರೆಯ ಕೆಮ್ಮು ಇಲ್ಲಿಂದ ಹುಟ್ಟಿದ್ದು. ಯಾರೂ ಅರ ಹಾಕಕೂಡದು.'

"ಪೆಟ್ಟಿಗೆ ಮುಚ್ಚು ರುಪೆರ್ತೊ," ಎಂದಳು ನೆರೀದ. "ಗಿಟಾರು ಹೊರಗೇ ಇರುತ್ತೆ."

*

ಮೂರು ಗಂಟೆಗೆ ಹೊರಟ ಯಾತ್ರೆ ಸ್ಮಶಾನ ಮುಟ್ಟಲು ಎರಡು ಗಂಟೆ ಹಿಡಿಯಿತು. ಎರಡನೇ ಗಿಟಾರಿನವನೊಬ್ಬನ ಸಾವಿಗೆ ಎಷ್ಟು ಜನ ಬರಬೇಕೋ ಅದರ ಹತ್ತರಷ್ಟು ಜನ ಬಂದಿದ್ದರು. ಮಾರುಕಟ್ಟೆ ಅರ್ಧಕ್ಕೇ ಮುಚ್ಚಿತು. ರೇವಿನಲ್ಲಿ ದೋಣಿಗಳು ಒಟ್ಟಿಗೆ ಕೊಂಬು ಊದಿದವು. ಹೊತ್ತವರು ಪ್ರತಿ ಮೂಲೆಯಲ್ಲೂ ಪೆಟ್ಟಿಗೆಯನ್ನು ಹೆಗಲ ಮೇಲೆ ಕುಣಿಸಿದರು. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಸತ್ತವನಿಗೆ ಹೋಗಲು ಮನಸ್ಸಿಲ್ಲ ಎನ್ನುವ ಹಾಗೆ. ಮುಂದಿನ ಬಲಮೂಲೆಗೆ ಹೆಗಲು ಕೊಟ್ಟವನು ತೆಯೋಫಿಲೊ. ಬೇಡ ಎಂದವರಿಗೆಲ್ಲ ಬೈದ.

ಗುಂಡಿಯ ಬಳಿ ಮೋಟಾರು ರಿಕ್ಷಾದಿಂದ ಸ್ಪೀಕರು ಇಳಿಸಿದರು. ನೆರೀದ ಮೊಣಕಾಲೂರಿ ಕುಳಿತಳು. ಇಸೌರೊ ನೀಲಿ ಗಿಟಾರನ್ನು ಅವಳ ತೊಡೆಯ ಮೇಲೆ ಮಲಗಿಸಿ, ಒಂಟಿ ತಂತಿಯ ಮೇಲೆ, ಹಿತ್ತಾಳೆಯ ಹಿಂದೆ, ಅವಳ ಬೆರಳು ಇಟ್ಟುಕೊಟ್ಟ. "ಗಟ್ಟಿಯಾಗಿ ಒತ್ತಿ. ಹೆದರಬೇಡಿ."

ಬ್ಯಾಂಡು ಶುರುವಾಯಿತು. ತೆಯೋಫಿಲೊ ಏಣಿ ಹತ್ತಿದ, ಒಂದು, ಎರಡು, ಮೂರು, ನಾಲ್ಕು. ಐದನೇ ಸಲ ತುದಿಗೆ ಬರುವಷ್ಟರಲ್ಲಿ ಅವನು ಎರಡೂ ಕೈಗಳನ್ನು ತಂತಿಯಿಂದ ಎತ್ತಿಬಿಟ್ಟ.

ನೆರೀದ ಮೀಟಿದಳು.

ಗೊರಗೊರ ಎಂದು ಸೀಳಿಕೊಂಡು ಹೋದ ಸ್ವರಕ್ಕೆ ಸ್ಮಶಾನವಿಡೀ ಒಂದೇ ಗಂಟಲಲ್ಲಿ ಕೆಮ್ಮಿತು. ಪಾದ್ರಿಯೂ ಕೆಮ್ಮಿದರು, ಹಗ್ಗ ಹಿಡಿದವರೂ ಕೆಮ್ಮಿದರು. ಅವರ ಕೈಯ ಕುಲುಕಿಗೆ ಪೆಟ್ಟಿಗೆ ಒಮ್ಮೆ ತೂಗಾಡಿ ಕೆಳಗಿಳಿಯತೊಡಗಿತು. ಅದರ ಮುಚ್ಚಳದ ಮೇಲೆ, ಸರಿಯಾಗಿ ತಲೆಯ ಜಾಗದಲ್ಲಿ, ಯಾವ ಮಾಯದಲ್ಲೋ ಬಂದು ಕುಳಿತ ಬಿಳಿ ಹ್ಯಾಟು, ಕೆಂಪು ದಾರದ 'ಮೊದಲ ಗಿಟಾರು' ಎಲ್ಲರಿಗೂ ಕಾಣುವ ಹಾಗೆ, ಪೆಟ್ಟಿಗೆಯೊಡನೆ ಇಳಿಯುತ್ತಿತ್ತು. ಗುಂಡಿಯ ಅಂಚಿನಲ್ಲಿ ತೆಯೋಫಿಲೊ ಬೋಳುತಲೆಯಲ್ಲಿ ಬಿಸಿಲಿಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದ.